ಘಾಟಿನ ಕೈ

“ಏಯ್ ಘಾಟು! ಅಕ್ಷರ ಅಂತೂ ನಿನ್ನ ತಲೆಗೆ ಹತ್ತಲಿಲ್ಲ, ಬಿಡು. ಕೈ ತೊಳೆಯೋದನ್ನೂ ನಿಮ್ಮಮ್ಮ ಕಲಿಸ್ಲಿಲ್ವೇನೋ? ದನ ಕೂಡ ನೀರು ಕಂಡ್ರೆ ಮೂತಿ ಇಡುತ್ತೆ!”

ಸೂಪರ್‌ವೈಸರ್ ಇದನ್ನು ಹೇಳಿದ್ದು ಎಲ್ಲರ ಎದುರಿಗೆ. ಕಾರ್ಖಾನೆಯ ಹೊರಬಾಗಿಲ ಪಕ್ಕದಲ್ಲಿ ಒಂದು ಉದ್ದನೆಯ ತೊಟ್ಟಿ. ಹಗಲು ಪಾಳಿಯವರೆಲ್ಲ ಅದರ ಮುಂದೆ ಸಾಲಾಗಿ ನಿಂತು ಕೈ ತೊಳೆಯುವ ಹೊತ್ತು. ಮೊದಲು ಎಣ್ಣೆ, ಆಮೇಲೆ ಸೋಪು, ಕೊನೆಗೆ ನೀರು. ಇಲ್ಲಿ ತೆಗೆಯುವ ಮೆಣಸಿನಕಾಯಿಯ ಸತ್ವ ಬರೀ ನೀರಿಗೆ ಜಗ್ಗುವ ಆಸಾಮಿಯಲ್ಲ, ಎಣ್ಣೆಗೆ ಮಾತ್ರ ತಲೆ ಬಾಗುತ್ತದೆ. ಅದಕ್ಕೇ ತೊಟ್ಟಿಯ ಕಟ್ಟೆಯ ಮೇಲೆ ಎಣ್ಣೆಯ ಡಬ್ಬ. ಆ ಡಬ್ಬವನ್ನು ಮುಟ್ಟದೆ, ಸಾಲನ್ನು ತಪ್ಪಿಸಿ, ಕೈಗಳನ್ನು ಜೇಬಿಗೆ ತುರುಕಿಕೊಂಡು ಹೊರಟಿದ್ದವನೇ ಘಾಟು.

ಜನ ನಕ್ಕರು. ಡ್ರಮ್ಮು ಉರುಳಿಸುವ ಕೆಲಸದ ಪೀಪಾಯಿ, ಇವನ ಜೀವದ ಗೆಳೆಯ, ಅವನೂ ಕಿಸಕ್ಕಂದ. ಘಾಟು ತಿರುಗಿ ನಿಂತ.

“ಕೈಗೆ ಎಣ್ಣೆ ಹಚ್ಚಿದ್ರೆ ಖಾರ ಹೋಗುತ್ತೆ ಸಾರ್. ನಿಮ್ಮ ನಾಲಿಗೆಗೆ ಯಾವ ಎಣ್ಣೆ ಹಚ್ಚೋದು, ಅದನ್ನ ಹೇಳಿ.”

ನಗು ಥಟ್ಟನೆ ದಿಕ್ಕು ಬದಲಿಸಿತು. ಸೂಪರ್‌ವೈಸರನ ಕಿವಿಗಳು ಕೆಂಪಾದವು. ಘಾಟು ಯಾರ ಮಾತಿಗೂ ತಿರುಗೇಟು ಬಾಕಿ ಉಳಿಸಿಕೊಂಡವನಲ್ಲ. ಏಳನೇ ಕ್ಲಾಸಿನಲ್ಲಿ ಮೇಷ್ಟರಿಗೆ ಎದುರು ಮಾತಾಡಿ ಹೊರಬಿದ್ದವನು, ಆಮೇಲೆ ಒಳಗೆ ಹೋಗಲೇ ಇಲ್ಲ. ಪುಸ್ತಕ ಬಿಟ್ಟರೂ ಎದುರು ಮಾತಾಡುವುದನ್ನು ಬಿಟ್ಟಿರಲಿಲ್ಲ. ಯಾರು ಏನಂದರೂ ಅವನ ಬಳಿ ಉತ್ತರ ಸಿದ್ಧವಾಗಿ, ಬಿಸಿಬಿಸಿಯಾಗಿ ಇರುತ್ತಿತ್ತು.

ಅವನಿಗೆ ಘಾಟು ಎಂಬ ಹೆಸರು ಬಂದದ್ದು ಬಸ್ಸಿನಲ್ಲಿ. ಅವನು ಹತ್ತಿದರೆ ಸಾಕು, ಹಿಂದಿನ ಸೀಟಿನಿಂದ ಮುಂದಿನ ಸೀಟಿನವರೆಗೆ ಸೀನು ಹರಿದುಕೊಂಡು ಹೋಗುತ್ತಿತ್ತು. ಖಾರ ಅಂದರೆ ನಾಲಿಗೆಯ ಮೇಲೆ ಇಟ್ಟರಷ್ಟೇ ಗೊತ್ತಾಗುವಂಥದ್ದು. ಘಾಟು ಹಾಗಲ್ಲ, ಕರೆಯದೆ ಬರುತ್ತದೆ, ಹೋಗು ಅಂದರೆ ಹೋಗುವುದಿಲ್ಲ. ಹೆಸರು ಇಟ್ಟವರು ಬೈಯಲೆಂದು ಇಟ್ಟರು, ಅವನು ಬಿರುದೆಂದು ತಗೊಂಡ.

ಆದರೆ ಕೈ ತೊಳೆಯದೆ ಹೋಗುವುದಕ್ಕೆ ಸೊಕ್ಕು ಕಾರಣವಾಗಿರಲಿಲ್ಲ. ಕಾರಣ ಮನೆಯಲ್ಲಿ, ಕಿಟಕಿಯ ಪಕ್ಕದ ಮಂಚದ ಮೇಲೆ, ಪಾದಗಳನ್ನು ತಣ್ಣನೆಯ ಗೋಡೆಗೆ ಒತ್ತಿಕೊಂಡು ಅವನ ದಾರಿ ಕಾಯುತ್ತಿತ್ತು.

ಅಮ್ಮನಿಗೆ ಸಕ್ಕರೆ ಕಾಯಿಲೆ. ಜೊತೆಗೆ ರಕ್ತದೊತ್ತಡ, ರಕ್ತದಲ್ಲಿ ಕೊಬ್ಬು, ಸೊಂಟದ ಸುತ್ತ ಟೈರಿನಂತೆ ಕೂತ ಬೊಜ್ಜು. ಇವೆಲ್ಲ ಸೇರಿದರೆ ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತಾರೆ ಎಂದು ಡಾಕ್ಟರು ಹೇಳಿದ ದಿನ ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದಳು. “ನಾಲ್ಕು ಜನ ನಾದಿನಿಯರು ಒಂದೇ ಮನೆಗೆ ಬಂದು ಕೂತಂಗಾಯ್ತಲ್ಲ ಡಾಕ್ಟ್ರೇ! ಒಬ್ಬಳನ್ನ ಸಮಾಧಾನ ಮಾಡೋ ಹೊತ್ತಿಗೆ ಇನ್ನೊಬ್ಬಳು ಮುನಿಸ್ಕೋತಾಳೆ.” ಡಾಕ್ಟರೂ ನಕ್ಕರು. ಆದರೆ ಪಾದಗಳ ಉರಿ ನಗುವಂಥದ್ದಾಗಿರಲಿಲ್ಲ. ಸಂಜೆಯಾಗುತ್ತಿದ್ದಂತೆ ಅಂಗಾಲಿನಲ್ಲಿ ಕೆಂಡ ಹಾಕಿದಂತೆ ಶುರುವಾಗುತ್ತಿತ್ತು. ಹೊದಿಕೆ ತಾಕಿದರೂ ಅಯ್ಯೋ ಅನ್ನುವಳು, ಗಾಳಿ ತಾಕಿದರೂ ಅನ್ನುವಳು.

ಒಂದು ಸಂಜೆ ನೋಡಲಾರದೆ ಘಾಟು ಬಟ್ಟೆಯನ್ನೂ ಬದಲಿಸದೆ ಕೂತು ಅವಳ ಪಾದ ಒತ್ತಿದ. ಕೈಯಲ್ಲಿ ಸತ್ವದ ಅಂಟು ಉಳಿದಿತ್ತು. ಕ್ಷಣ ಕಳೆದದ್ದೇ ತಡ, ಅಮ್ಮ ಚಂಗನೆ ಎದ್ದು ಕೂತಳು.

“ಹಾಳಾದವನೇ! ಉರಿಯೋ ಒಲೆಗೆ ಸೀಮೆಎಣ್ಣೆ ಸುರೀತಿದ್ದೀಯಲ್ಲೋ! ಹೆತ್ತ ತಾಯಿ ಮೇಲೆ ಯಾವ ಜನ್ಮದ ಹಗೆ ನಿಂಗೆ?”

ಬೈದಳು, ಅತ್ತಳು, ಮಗನ ಬೆನ್ನಿಗೆ ಗುದ್ದಿದಳು. ಆಮೇಲೆ, ಬೈಗುಳದ ನಡುವೆಯೇ, ಅವಳ ದನಿ ನಿಧಾನವಾಗಿ ಇಳಿಯತೊಡಗಿತು. ದೂರದಲ್ಲಿ ಯಾರೋ ರೇಡಿಯೋದ ಗುಂಡಿ ತಿರುಗಿಸಿದ ಹಾಗೆ. ಕಣ್ಣು ಮುಚ್ಚಿದವು. ಗೋಡೆಯ ಮೇಲಿದ್ದ ಬಿಸಿಲಿನ ಚೌಕ ಮಂಚಕ್ಕೆ ಇಳಿದು, ಅವಳ ಹೊಟ್ಟೆಯ ಮೇಲೆ ಏರಿ ಇಳಿದು ಉಸಿರಾಡಿತು. ಅವಳು ನಿದ್ದೆ ಹೋಗಿದ್ದಳು.

ಅಂದಿನಿಂದ ಘಾಟು ಕೈ ತೊಳೆಯುವುದನ್ನು ಬಿಟ್ಟ. ಸತ್ವ ಕೈಗೆ ತಾಗಲೆಂದು ಕೆಲಸದ ಕೈಗವಸಿನ ಹೆಬ್ಬೆರಳನ್ನು ಬೇಕೆಂತಲೇ ಹರಿದುಕೊಂಡ.

ಕಾರ್ಖಾನೆಯ ಒಳಗೆ ಹೊಕ್ಕರೆ ಕನಸಿನ ಹೊಟ್ಟೆಯೊಳಗೆ ಹೊಕ್ಕ ಹಾಗೆ. ಒಣ ಮೆಣಸಿನಕಾಯಿಯ ಪುಡಿ ಮೇಲಿನ ಗಾಜಿನ ಹಂಚುಗಳಿಂದ ಬೀಳುವ ಬೆಳಕಿನಲ್ಲಿ ಕೆಂಪಗೆ ತೇಲುತ್ತಿರುತ್ತಿತ್ತು. ಬಾಯಿಗೆ ಬಟ್ಟೆ ಕಟ್ಟಿಕೊಂಡ ಜನ ನೀರಿನಡಿಯಲ್ಲಿ ನಡೆದಂತೆ ನಡೆಯುವರು. ಪುಡಿಯನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಸ್ಪಿರಿಟ್ಟನ್ನು ಆವಿ ಮಾಡಿ ಹೊರಗಟ್ಟಿದರೆ ಕೊಳವೆಯ ತುದಿಯಲ್ಲಿ ಗಟ್ಟಿ ರಸವೊಂದು ಇಳಿಯುತ್ತಿತ್ತು. ಕಡುಗೆಂಪು, ಜೇನಿನಷ್ಟು ಸೋಮಾರಿ. ಒಂದು ಹೊಲದ ಕೋಪವನ್ನೆಲ್ಲ ಹಿಂಡಿ ಒಂದು ಲೋಟಕ್ಕೆ ಇಳಿಸಿದ ಹಾಗೆ. ಅದನ್ನು ನೋಡುವಾಗೆಲ್ಲ ಘಾಟುವಿಗೆ ಇದು ತನ್ನದೇ ರಕ್ತಸಂಬಂಧ ಅನ್ನಿಸುತ್ತಿತ್ತು. ಪಕ್ಕದ ಶೆಡ್ಡಿನಲ್ಲಿ ದ್ರಾಕ್ಷಿ ಸಿಪ್ಪೆಯ ಸತ್ವ ತೆಗೆಯುವ ಕೆಲಸ, ಅಲ್ಲಿ ಎಲ್ಲವೂ ನೇರಳೆ. ಗೋಡೆ ನೇರಳೆ, ಉಗುರು ನೇರಳೆ, ಕೆಲಸದವರು ಕೆಮ್ಮಿದರೆ ಕರವಸ್ತ್ರವೂ ನೇರಳೆ. ಎರಡು ಶೆಡ್ಡುಗಳ ನಡುವಿನ ಬಾಗಿಲು ತೆರೆದಾಗ ಕೆಂಪೂ ನೇರಳೆಯೂ ಗಾಳಿಯಲ್ಲಿ ಕೈಕೈ ಹಿಡಿದುಕೊಳ್ಳುತ್ತಿದ್ದವು.

ಆ ಬಾಗಿಲಲ್ಲೇ ಒಮ್ಮೆ ಅವನು ಲ್ಯಾಬ್ ಮೇಡಮ್ಮನ್ನು ತಡೆದು ನಿಲ್ಲಿಸಿದ. ಆಕೆ ಕನ್ನಡಕದ, ಮೆದು ಮಾತಿನ ಹೆಂಗಸು. ಕೆಲಸದವರಿಗೂ ಉತ್ತರ ಕೊಡುವ ಅಪರೂಪದ ಜಾತಿ.

“ಮೇಡಂ, ಉರಿಯೋ ಜಾಗಕ್ಕೆ ಇದನ್ನ ಹಚ್ಚಿದ್ರೆ ಉರಿ ಹೋಗುತ್ತಂತೆ, ಹೌದಾ?”

“ಹೌದಪ್ಪ. ನರ ಮೊದಲು ಜೋರಾಗಿ ಕೂಗುತ್ತೆ. ಕೂಗಿ ಕೂಗಿ ದಣಿದು ಸುಮ್ಮನಾಗುತ್ತೆ. ಅದಕ್ಕೇ ಇದನ್ನ ಕ್ರೀಮಿಗೆ ಹಾಕೋದು. ಚೂರೇ ಚೂರು, ಅಳತೆ ನೋಡಿ.”

“ಮತ್ತೆ ಆ ನೇರಳೆದು?”

“ಅದು ಬೇರೆ. ಸಕ್ಕರೆ, ಕೊಬ್ಬು ಹೆಚ್ಚಾದಾಗ ಮೈಯೊಳಗೆ ಒಂಥರಾ ತುಕ್ಕು ಹಿಡಿಯುತ್ತೆ ಅನ್ಕೋ. ಅದನ್ನ ಸ್ವಲ್ಪ ತಡೆಯೋಕೆ ಸಹಾಯ ಆಗಬಹುದು. ಆಸರೆ ಅಷ್ಟೆ, ಔಷಧ ಅಲ್ಲ. ಯಾರಿಗೆ ಬೇಕಿತ್ತು?”

“ಯಾರಿಗೂ ಇಲ್ಲ,” ಎಂದ ಘಾಟು.

ಅಲ್ಲಿ ಒಂದು ಮಾತು ಹೇಳಿದ್ದರೆ ಆಕೆ ಇನ್ನೂ ನಾಲ್ಕು ಮಾತು ಹೇಳುತ್ತಿದ್ದಳು. ಆದರೆ ತಾಯಿಯ ಕಾಯಿಲೆಯನ್ನು ಬಿಳಿ ಕೋಟಿನವರ ಮುಂದೆ ಬಿಚ್ಚಿಡುವುದೆಂದರೆ ಅವನಿಗೆ ಅಂಗಿ ಬಿಚ್ಚಿ ನಿಂತಷ್ಟು ನಾಚಿಕೆ. ತನ್ನ ಕೈ ಇದೆಯಲ್ಲ, ಸಾಕು.

ದಿನಗಳು ಕಳೆದಂತೆ ಉರಿ ಇಳಿಯಿತು. ಅಮ್ಮ ಈಗ ಬೈಯುತ್ತಿರಲಿಲ್ಲ, ಬದಲಿಗೆ ಸಂಜೆಯಾದರೆ ಪಾದ ಚಾಚಿಕೊಂಡು, “ಬಂದ್ನಾ ನನ್ನ ವೈದ್ಯ? ಬಾರೋ, ನಿನ್ನ ಕೊಳಕು ಕೈ ತಗೊಂಡ್ ಬಾ,” ಎನ್ನುವಳು. ಅವನು ಒತ್ತುವನು, ಅವಳು ಕಣ್ಣು ಮುಚ್ಚಿಕೊಂಡು ಕನಸುಗಳನ್ನು ಹೇಳುವಳು. ಅವಳಿಗೆ ಕನಸುಗಳೆಂದರೆ ನೆರೆಮನೆಯ ಸುದ್ದಿಯಷ್ಟೇ ಖಚಿತ. ಪಾದದ ಉರಿಯಿಂದ ವರ್ಷಗಟ್ಟಲೆ ನಿದ್ದೆಗೆಟ್ಟವಳು, ಬಾಕಿ ಉಳಿದ ಕನಸುಗಳನ್ನೆಲ್ಲ ಈಗ ಒಟ್ಟಿಗೆ ಕಾಣುತ್ತಿದ್ದಳು.

“ನಿನ್ನೆ ಏನಾಯ್ತು ಗೊತ್ತಾ? ನಾನೊಂದು ಬಯಲಲ್ಲಿ ನಿಂತಿದ್ದೆ. ಮಣ್ಣು ಬೆಚ್ಚಗೆ, ಹಿಟ್ಟಿನಂಗೆ ನುಣ್ಣಗಿತ್ತು. ಕಾಲಿನ ಬೆರಳುಗಳು ಒಂದೊಂದೇ ಒಳಗೆ ಇಳಿದು ಹೋದ್ವು. ನಾನು ಏಯ್ ಎಲ್ಲಿಗ್ರೋ ಅಂದೆ, ಅವು ತಿರುಗೂ ನೋಡ್ಲಿಲ್ಲ. ಆಮೇಲೆ ನೋಡ್ತೀನಿ, ಮಂಡಿ ಹತ್ರ ಎಲೆ ಬಂದಿದೆ. ಎಳೇ ಎಲೆ. ಒಂದು ಹಕ್ಕಿ ಬಂದು ಕೂತ್ಕೊಂಡು, ಅಜ್ಜೀ ಸ್ವಲ್ಪ ಸರ್ಕೊಳಿ ಅಂತು.”

“ಹಕ್ಕಿಗೆ ನೀನು ಅಜ್ಜಿನಾ?”

“ಇನ್ನೇನು, ನಿನಗೆ ಮದುವೆ ಮಾಡಿದ್ರೆ ತಾನೇ ಮನುಷ್ಯರಿಗೆ ಅಜ್ಜಿ ಆಗೋದು? ಈಗ ಹಕ್ಕಿಗಾದ್ರೂ ಆಗ್ಲಿ ಬಿಡು.” ಅವಳು ನಕ್ಕಳು. “ಕಾಲು ಪೂರಾ ಮರಗಟ್ಟಿದೆ ಕಣೋ. ಎಷ್ಟು ಹಾಯಾಗಿದೆ.”

ಘಾಟು ಆ ಮಾತನ್ನು ಕೇಳಿದ. ಕೇಳಿ ಕನಸಿನ ಲೆಕ್ಕಕ್ಕೆ ಸೇರಿಸಿಬಿಟ್ಟ. ಎಲೆ ಬಂತು, ಹಕ್ಕಿ ಬಂತು, ಕಾಲು ಮರವಾಯಿತು. ಅದೇ ಮಾತನ್ನು ಬೇರೆ ಯಾರ ತಾಯಿಯಾದರೂ ಹೇಳಿದ್ದರೆ ಅವನು ಗಾಬರಿಯಾಗುತ್ತಿದ್ದನೇನೋ. ತನ್ನ ತಾಯಿ ಹೇಳಿದಾಗ ಅದು ಚೆಂದವಾಗಿ ಕೇಳಿಸಿತು. ತನ್ನ ಎರಡು ಕೈಗಳು, ಯಾರಿಗೂ ಬೇಡವಾದ, ಬಸ್ಸಿನಲ್ಲಿ ಜನ ಮುಖ ತಿರುಗಿಸುವ ಈ ಕೈಗಳು, ಒಬ್ಬ ಹೆಂಗಸಿನ ಉರಿಯನ್ನು ಹೀರಿ ಅವಳನ್ನು ಮರದ ಹಾಗೆ ನೆಮ್ಮದಿಯಾಗಿ ನಿಲ್ಲಿಸಿವೆ. ಅವನ ಎದೆ ಉಬ್ಬಿತು.

ಉಬ್ಬಿದ ಎದೆ ಸುಮ್ಮನಿರುತ್ತದೆಯೇ? ಊಟದ ಬಿಡುವಿನಲ್ಲಿ ಪೀಪಾಯಿಯ ಮುಂದೆ ಎಲ್ಲ ಹೇಳಿದ. ಪೀಪಾಯಿಯ ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತಿತ್ತು, ಮಾತು ನಿಲ್ಲುತ್ತಿರಲಿಲ್ಲ. ಸಂಜೆಯೊಳಗೆ ಸುದ್ದಿ ಸೂಪರ್‌ವೈಸರನ ಕಿವಿಗೆ ಬಿತ್ತು. ಮರುದಿನ ಅವನು ಘಾಟುವಿನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದುಕೊಂಡು ಹೋದ. ಆ ಕೈ ಹೆಗಲ ಮೇಲೆ ಸತ್ತ ಇಲಿಯಂತೆ ಕೂತಿತ್ತು.

“ಏನಪ್ಪಾ, ಮನೇಲೇ ಇಷ್ಟು ದೊಡ್ಡ ಪವಾಡ ಇಟ್ಕೊಂಡು ನಮಗೆ ಹೇಳೇ ಇಲ್ವಲ್ಲ? ಈ ವಾರ ಕ್ರೀಮ್ ಮಾಡೋಕೆ ನಮ್ಮ ಸತ್ವ ಕೊಳ್ಳೋ ಪಾರ್ಟಿ ಬರ್ತಿದ್ದಾರೆ. ನಾವು ಸಾವಿರ ಹೇಳ್ಬಹುದು, ಮನೆ ಮಗ ಹೇಳಿದ ಹಾಗಾಗುತ್ತಾ? ಬಂದು ಎರಡು ಮಾತು ಹೇಳ್ಬಿಡು. ಅಮ್ಮಂಗೆ ಉರಿ ಇತ್ತು, ಈಗ ಇಲ್ಲ. ಅಷ್ಟೆ.”

“ಕೈ ತೊಳ್ಕೊಂಡು ಬರ್ಲಾ, ಹಾಗೇ ಬರ್ಲಾ ಸಾರ್?”

“ಹೆಹ್ಹೆಹ್ಹೇ, ತಮಾಷೆ ನಿಂದು,” ಎಂದ ಸೂಪರ್‌ವೈಸರ್. ಹಲ್ಲು ಮಾತ್ರ ನಕ್ಕಿತು.

ಘಾಟು ಒಪ್ಪಿದ. ಸಿಟ್ಟಿನವನಾದರೂ ಅವನೂ ಮನುಷ್ಯನೇ. ದನಕ್ಕಿಂತ ಕಡೆ ಅನ್ನಿಸಿಕೊಂಡವನಿಗೆ ಹತ್ತು ಜನರ ಮುಂದೆ ನಿಂತು ಮಾತಾಡುವ ಆಸೆ ಇರಬಾರದೇ?

ಪಾರ್ಟಿಯವರು ಬರುವ ದಿನ ಬೆಳಿಗ್ಗೆ ಎದ್ದವನಿಗೆ ಮೊದಲು ಕಂಡದ್ದು ನೆಲದ ಮೇಲಿನ ಕೆಂಪು. ಅಡುಗೆಮನೆಯ ಬಾಗಿಲಿನಿಂದ ನಲ್ಲಿಯವರೆಗೆ, ನಲ್ಲಿಯಿಂದ ಒಲೆಯವರೆಗೆ, ಅರ್ಧ ಪಾದದ ಗುರುತುಗಳು. ಬೆಳಗಿನ ಬೆಳಕಿನಲ್ಲಿ ಅವು ಯಾರೋ ಬಿಡಿಸಿಟ್ಟ ಹೂವುಗಳ ಹಾಗಿದ್ದವು. ತನ್ನ ಬೂಟಿನಿಂದ ಉದುರಿದ ಮೆಣಸಿನಪುಡಿ ನೀರಿಗೆ ಸೇರಿದೆ ಅಂದುಕೊಂಡ ಅವನು. ಅವರ ಮನೆಯಲ್ಲಿ ಕೆಂಪು ಅಂದರೆ ಅದೇ. ಅಂಗಿಯ ತೋಳು ಕೆಂಪು, ದಿಂಬಿನ ಅಂಚು ಕೆಂಪು, ಬಾಗಿಲ ಹಿಡಿಕೆ ಕೆಂಪು. ಅಮ್ಮ ಬೈಯುವ ಮೊದಲು ಒರೆಸಿಬಿಡೋಣ ಎಂದು ಹಳೆಯ ಬಟ್ಟೆ ತಂದು ಮೊಣಕಾಲೂರಿ ಒರೆಸತೊಡಗಿದ. ಒಂದು ಹೂವು ಹೋಯಿತು, ಎರಡನೆಯದು ಹೋಯಿತು. ಆಗ ಅವನ ಮೂಗು ಒಂದು ವಿಷಯ ಹೇಳಿತು.

ಘಾಟು ಇಲ್ಲ.

ಅವನು ಬಟ್ಟೆಯನ್ನು ಮುಖದ ಹತ್ತಿರ ತಂದ. ಕಣ್ಣಿಗೆ ನೀರು ಬರಲಿಲ್ಲ, ಸೀನು ಬರಲಿಲ್ಲ. ಕಬ್ಬಿಣದ ವಾಸನೆ ಬಂತು.

ಅಮ್ಮ ಒಲೆಯ ಮುಂದೆ ನಿಂತು ಹಾಲು ಕಾಯಿಸುತ್ತಿದ್ದಳು. ಯಾವುದೋ ಹಾಡನ್ನು ಗುನುಗುತ್ತಾ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ. ಭಾರ ಬಿದ್ದಾಗೆಲ್ಲ ಎಡ ಹಿಮ್ಮಡಿಯ ಕೆಳಗಿನಿಂದ ಕೆಂಪು ಗೆರೆಯೊಂದು ನಿಧಾನವಾಗಿ ಹೊರಗೆ ಬರುತ್ತಿತ್ತು.

“ಅಮ್ಮ. ಕಾಲೆತ್ತು.”

“ಯಾಕೋ? ಹಾಲು ಉಕ್ಕುತ್ತೆ, ತಡಿ.”

“ಕಾಲೆತ್ತು ಅಂದೆ!”

ಅವನೇ ಎತ್ತಿದ. ಹಿಮ್ಮಡಿಯೊಳಗೆ ಗಾಜಿನ ಚೂರು, ಹೆಬ್ಬೆರಳಿನ ಉಗುರಿನಷ್ಟು, ತನ್ನದೇ ಜಾಗ ಎಂಬಂತೆ ಕೂತಿತ್ತು. ಹಿಂದಿನ ದಿನ ಲೋಟ ಒಡೆದಿದ್ದಳಂತೆ. ಗುಡಿಸಿದ್ದೆ ಅಂದಳು. ಗಾಯದ ಅಂಚು ಆಗಲೇ ಬೆಳ್ಳಗಾಗಿತ್ತು.

“ನಿಂಗೆ ಗೊತ್ತಾಗ್ಲಿಲ್ವಾ?”

ಅಮ್ಮ ಬಾಗಿ ನೋಡಿದಳು, ಬೇರೆ ಯಾರದೋ ಕಾಲನ್ನು ನೋಡುವವಳಂತೆ. “ಅಯ್ಯೋ, ಇದ್ಯಾವಾಗ ಹೊಕ್ಕಿತೋ?” ಆಮೇಲೆ ಮಗನ ಮುಖ ನೋಡಿ, ಸಮಾಧಾನ ಮಾಡಲೆಂದು, ನಕ್ಕಳು. “ನಿಂಗೆ ಹೇಳಿದ್ನಲ್ಲೋ ಮರಗಟ್ಟಿದೆ ಅಂತ. ಮರಕ್ಕೆ ಮೊಳೆ ಹೊಡೆದ್ರೆ ಮರಕ್ಕೇನು ಗೊತ್ತಾಗುತ್ತೆ?”

ಅವಳ ಬೆನ್ನ ಹಿಂದೆ ಹಾಲು ಉಕ್ಕಿ ಒಲೆ ಆರಿತು. ಆ ಮಾತು ಈಗ ಅವನ ಕಿವಿಯೊಳಗೆ ಎರಡನೇ ಸಲ ಹೊಕ್ಕಿತು. ಈ ಸಲ ಅದರಲ್ಲಿ ಎಲೆ ಇರಲಿಲ್ಲ, ಹಕ್ಕಿಯೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಗಾಜು ತೆಗೆದು ಗಾಯ ತೊಳೆದರು. ಅಮ್ಮ ಚಾವಣಿಯ ಫ್ಯಾನು ನೋಡುತ್ತಾ ಮಲಗಿದ್ದಳು, ಕೂದಲು ಕತ್ತರಿಸಿಕೊಳ್ಳುವವಳಷ್ಟು ನಿರಾಳ. ಆಮೇಲೆ ಡಾಕ್ಟರು ಒಂದು ಕಡ್ಡಿಯ ತುದಿಗೆ ಸಿಕ್ಕಿಸಿದ ಗಟ್ಟಿ ನೈಲಾನ್ ದಾರ ತೆಗೆದರು.

“ಕಣ್ಣು ಮುಚ್ಕೊಳಿ ಅಮ್ಮ. ನಾನು ಮುಟ್ಟಿದಾಗ ‘ಹ್ಞೂಂ’ ಅನ್ನಿ.”

ಅಮ್ಮ ಕಣ್ಣು ಮುಚ್ಚಿದಳು. ದಾರದ ತುದಿ ಹೆಬ್ಬೆರಳನ್ನು ಮುಟ್ಟಿತು, ಬಾಗಿತು. ಪಕ್ಕದ ಬೆರಳನ್ನು ಮುಟ್ಟಿತು. ಅಂಗಾಲಿನ ಮಧ್ಯೆ, ಹಿಮ್ಮಡಿಯ ಅಂಚಿಗೆ, ಇನ್ನೊಂದು ಪಾದಕ್ಕೆ. ಘಾಟು ಬಾಗಿಲ ಬಳಿ ನಿಂತು, ಹ್ಞೂಂ ಅನ್ನು, ಹ್ಞೂಂ ಅನ್ನು ಎಂದು ಮನಸ್ಸಿನಲ್ಲೇ ಬೇಡಿದ. ಅಮ್ಮ ಒಳ್ಳೆಯ ವಿದ್ಯಾರ್ಥಿಯಂತೆ ಕಿವಿಗೊಟ್ಟು ಕಾಯುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದಳು:

“ಇನ್ನೂ ಶುರು ಮಾಡಿಲ್ವಾ ಡಾಕ್ಟ್ರೇ?”

ಡಾಕ್ಟರು ದಾರವನ್ನು ಮೇಜಿನ ಮೇಲಿಟ್ಟರು.

ಕಾರಿಡಾರಿನಲ್ಲಿ ಘಾಟು ಅವರ ದಾರಿಗೆ ಅಡ್ಡ ನಿಂತ. ಬಾಯಿಗೆ ಬಂದದ್ದನ್ನೆಲ್ಲ ಹೇಳಿದ. ಮೆಣಸಿನಕಾಯಿ, ಕೈಗವಸು, ಸಂಜೆಗಳು, ಎಲ್ಲವನ್ನೂ. ತೋರಿಸಿದರೆ ನಂಬುತ್ತಾರೆಂದು ಕೈಗಳನ್ನೂ ಮುಂದೆ ಚಾಚಿದ.

“ನನ್ನ ಕೈಯಿಂದಾನಾ ಇದು?”

ಡಾಕ್ಟರು ವಯಸ್ಸಾದವರು, ಅವಸರ ಮಾಡಲಿಲ್ಲ. “ಸಕ್ಕರೆ ವರ್ಷಾನುಗಟ್ಟಲೆ ನರ ತಿಂದಿದೆ ಕಣಪ್ಪ. ಅದು ನಿನ್ನ ಕೈಯಿಂದ ಆಗಿದ್ದಲ್ಲ. ಆದರೆ ನರ ಸುಮ್ಮನಾಗೋದೂ, ನರ ಸಾಯೋದೂ ಹೊರಗಿಂದ ನೋಡಿದ್ರೆ ಒಂದೇ ಥರ ಕಾಣುತ್ತೆ. ಉರಿ ಹೋಯ್ತು ಅಂತ ನೀವಿಬ್ಬರೂ ಪಾದ ನೋಡೋದನ್ನೇ ಬಿಟ್ರಿ. ಅಳತೆಯಿಲ್ಲದೆ ಹಚ್ಚಿದ ಖಾರದ ಅಂಟು ಬೇರೆ. ಎಷ್ಟು ಸಕ್ಕರೆದು, ಎಷ್ಟು ಖಾರದ್ದು, ಅದನ್ನ ಈಗ ಯಾರೂ ಹೇಳೋಕಾಗಲ್ಲ.”

“ಕಾಲು ಉಳಿಯುತ್ತಾ?”

“ದಿನಾ ಮಧ್ಯಾಹ್ನ ಕರ್ಕೊಂಡು ಬಾ, ಗಾಯ ಕಟ್ಟಬೇಕು. ನೆಲಕ್ಕೆ ಕಾಲು ಊರೋ ಹಾಗಿಲ್ಲ. ಕಪ್ಪಾಗದೆ ಇದ್ರೆ ಉಳಿಯುತ್ತೆ. ನೋಡೋಣ.”

ಸುದ್ದಿ ತಿಳಿದು ಬಂದ ಚಿಕ್ಕಮ್ಮನನ್ನು ಅಮ್ಮನ ಪಕ್ಕದಲ್ಲಿ ಕೂರಿಸಿ ಅವನು ಕಾರ್ಖಾನೆಗೆ ನಡೆದ. ಮಧ್ಯಾಹ್ನಗಳು ಬೇಕಾಗಿದ್ದವು, ಪಾಳಿ ಬದಲಿಸಿ ಕೊಡಿ ಎಂದು ಕೇಳಬೇಕಿತ್ತು. ಪಾರ್ಟಿಯವರ ವಿಷಯ ಅವನ ತಲೆಯಿಂದ ಪೂರ್ತಿ ಹಾರಿಹೋಗಿತ್ತು. ಬೀದಿ ನಿದ್ದೆಯಲ್ಲಿದ್ದಂತೆ ಕಂಡಿತು. ಅಂಗಡಿಗಳ ಬಾಗಿಲುಗಳು ಆಕಳಿಸುತ್ತಿದ್ದವು, ಸೈಕಲ್ಲೊಂದು ಸದ್ದಿಲ್ಲದೆ ತೇಲಿ ಹೋಯಿತು. ಎದುರಿಗೆ ಬಂದವರೆಲ್ಲರ ಪಾದಗಳನ್ನೇ ನೋಡುತ್ತಾ ಹೋದ. ಚಪ್ಪಲಿ, ಬೂಟು, ಬರಿಗಾಲು. ಎಲ್ಲವೂ ನೆಲವನ್ನು ಮುಟ್ಟಿ, ಮುಟ್ಟಿದ್ದನ್ನು ಮೇಲಕ್ಕೆ ಹೇಳಿ ಕಳಿಸುತ್ತಾ ನಡೆಯುತ್ತಿದ್ದವು.

ಕಾರ್ಖಾನೆಯೊಳಗೆ ಕಾಲಿಟ್ಟದ್ದೇ ಸೂಪರ್‌ವೈಸರ್ ಎರಡೂ ಕೈ ಚಾಚಿ ಬಂದ.

“ಬಂದ, ಬಂದ! ಸರಿಯಾದ ಹೊತ್ತಿಗೇ ಬಂದೆ ಕಣಯ್ಯ, ನಿಂಗೆ ನೂರು ವರ್ಷ ಆಯಸ್ಸು!” ತೋಳು ಹಿಡಿದು ಎಳೆದುಕೊಂಡು ಹೋಗಿ ಮಧ್ಯೆ ನಿಲ್ಲಿಸಿದ. ಸುತ್ತ ಇಸ್ತ್ರಿ ಅಂಗಿಗಳ ಪಾರ್ಟಿಯವರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದರು. ಅವರ ಹಿಂದೆ ಬಾಯಿಗೆ ಬಟ್ಟೆ ಕಟ್ಟಿದ ಕೆಲಸದವರು, ಪೀಪಾಯಿ, ಪಕ್ಕಕ್ಕೆ ಲ್ಯಾಬ್ ಮೇಡಂ. ಗಾಜಿನ ಹಂಚಿನ ಬೆಳಕು ಎಲ್ಲರ ಮೇಲೆ ಕೆಂಪಗೆ ಸುರಿಯುತ್ತಿತ್ತು.

“ಇವನು ನಮ್ಮ ಮನೆ ಮಗ ಇದ್ದ ಹಾಗೆ. ಬಂಗಾರದಂಥ ಕೈ ಇವನದು. ಇವರ ತಾಯಿ ಪಾದದ ಉರಿಯಿಂದ ಎಷ್ಟು ನರಳ್ತಿದ್ರು ಅಂದ್ರೆ, ಪಾಪ, ಹೇಳೋಕಾಗಲ್ಲ. ನಮ್ಮ ಸತ್ವ ತಾಕಿದ್ದೇ ತಡ!” ಸೂಪರ್‌ವೈಸರ್ ಘಾಟುವಿನ ಕಡೆಗೆ ತಿರುಗಿದ. “ನೀನೇ ಹೇಳಪ್ಪ. ನಿಮ್ಮಮ್ಮನ ಕಾಲಲ್ಲಿ ಈಗ ನೋವಿದೆಯಾ?”

ಘಾಟು ಬಾಯಿ ತೆರೆದ. ಉತ್ತರ ಎಂದಿನಂತೆ ನಾಲಿಗೆಯ ತುದಿಗೆ ಬಂದಿತ್ತು. ಇಲ್ಲ. ಅದು ನಿಜ. ಚೂರೂ ಇಲ್ಲ. ಗಾಜು ಹೊಕ್ಕರೂ ಇಲ್ಲ, ಕತ್ತರಿ ಆಡಿಸಿದರೂ ಇಲ್ಲ. ಆ ಒಂದು ಮಾತು ಹೇಳಿದರೆ ಇವರೆಲ್ಲ ತಲೆದೂಗುತ್ತಾರೆ, ಚಪ್ಪಾಳೆ ತಟ್ಟಿದರೂ ತಟ್ಟಿಯಾರು. ಇದೆ ಅಂದರೆ ಸುಳ್ಳು. ಆದರೆ ಈ ಭೂಮಿಯ ಮೇಲೆ ಅವನಿಗೆ ಈಗ ಬೇಕಾಗಿದ್ದದ್ದು ಆ ಸುಳ್ಳು ಒಂದೇ. ಅಮ್ಮ ಎದ್ದು ಕೂತು, ಹಾಳಾದವನೇ ಎಂದು ಬೆನ್ನಿಗೆ ಗುದ್ದಬೇಕಿತ್ತು.

“ನಾಚಿಕೆ ಅವನಿಗೆ,” ಎಂದು ಸೂಪರ್‌ವೈಸರ್ ಪಾರ್ಟಿಯವರಿಗೆ ಹೇಳಿ ನಕ್ಕ. “ಹೇಳಪ್ಪ, ಇದೆಯಾ ಇಲ್ವಾ? ಒಂದೇ ಮಾತು.”

ಲ್ಯಾಬ್ ಮೇಡಂ ಕನ್ನಡಕ ತೆಗೆದು ಅವನನ್ನೇ ನೋಡುತ್ತಿದ್ದಳು. ಪೀಪಾಯಿ ಹಿಂದಿನಿಂದ, “ಹೇಳೋ ಮಾರಾಯ,” ಎಂದ.

ಘಾಟು ತೆರೆದ ಬಾಯನ್ನು ಮುಚ್ಚಿದ. ತೋಳಿನ ಮೇಲಿದ್ದ ಸೂಪರ್‌ವೈಸರನ ಕೈಯನ್ನು, ಎಲೆಯ ಮೇಲೆ ಕೂತ ಹುಳವನ್ನು ತೆಗೆದಿಡುವಂತೆ, ಮೆತ್ತಗೆ ತೆಗೆದ. ಜನ ದಾರಿ ಬಿಟ್ಟರು. ಬೆಳಕಿನ ಕೆಂಪು ಕಂಬಗಳನ್ನು ಒಂದೊಂದಾಗಿ ದಾಟಿ ಅವನು ಬಾಗಿಲ ಕಡೆಗೆ ನಡೆದ.

“ಏಯ್! ಎಲ್ಲಿಗೋ? ಕೇಳಿದ್ದಕ್ಕೆ ಉತ್ತರ ಕೊಟ್ಟು ಹೋಗೋ!”

ಪಾಳಿಯ ಮಾತನ್ನೂ ಎತ್ತದೆ ಅವನು ಹೊರಗಿನ ಬಿಸಿಲಿಗೆ ಇಳಿದು, ಆಸ್ಪತ್ರೆಯ ದಾರಿ ಹಿಡಿದ.